ಹನ್ನೊಂದು ಕಿಲೋ

ಕ್ಲೈಪೆದಾ ಬಂದರಿನ ಕ್ರೇನಿನಲ್ಲಿ ಕೂತು ಹದಿನಾರು ವರ್ಷ
ಮೂವತ್ತು ಟನ್ನಿನ ಪೆಟ್ಟಿಗೆಗಳನ್ನು
ಹಡಗಿನ ಮೇಲೆ ಮೊಟ್ಟೆ ಇಟ್ಟ ಹಾಗೆ ಇಟ್ಟಿದ್ದೇನೆ.
ಈಗ ಮನೆಯ ಮೆಟ್ಟಿಲ ಬುಡದಲ್ಲಿ
ಆಲೂಗಡ್ಡೆ ಚೀಲ ಎದೆಗವಚಿ ನಿಂತಿದ್ದೇನೆ.
ಹನ್ನೊಂದು ಕಿಲೋ. ತೂಗಿಸಿಯೇ ತಂದದ್ದು.
ಉಗ್ನಿಯುಸನ ತೂಕ.

ಅವನಿಗೆ ನಾಲ್ಕು ವರ್ಷ ಎರಡು ತಿಂಗಳು.
ಕಡತಕ್ಕೆ ಎಪ್ಪತ್ತೊಂದು ಹಾಳೆ.
ಕರುಳು ಮುಕ್ಕಾಲು ಇಲ್ಲ ಎಂಬುದು ಮೂರನೆಯದರಲ್ಲಿ.
ಹೊಟ್ಟೆಗೆ ನೇರ ಒಂದು ನಳಿಕೆ, ಎದೆಯ ನರಕ್ಕೆ ಇನ್ನೊಂದು,
ರಾತ್ರಿಯೆಲ್ಲ ಪಂಪು.
ಜ್ವರ ಬಂದರೆ ತಾಸೊಳಗೆ ಆಸ್ಪತ್ರೆ.
ಸೆಳೆತದ ಸಂಗತಿ ನಲವತ್ತನೇ ಹಾಳೆಯಲ್ಲಿ,
‘ಅಪರೂಪಕ್ಕೆ’ ಅಂತ.
ಅಪರೂಪ ಅಂದರೆ ಎಷ್ಟು, ಕೇಳಿದೆ.
ಡಾಕ್ಟರಮ್ಮ ಕನ್ನಡಕ ಒರೆಸಿಕೊಂಡರು.
ಹೆತ್ತವಳ ಹೆಸರಿದ್ದ ಕಡೆ ಕಪ್ಪು ಪಟ್ಟಿ.

ವೀತೇನಿಸ್ ಎಲ್ಲ ಓದಿದ, ಎರಡು ಸಲ.
ಆಮೇಲೆ ಅಡುಗೆಮನೆಗೆ ಹೋಗಿ
ಸರಿಯಾಗೇ ಇದ್ದ ನಲ್ಲಿಯನ್ನು ಬಿಚ್ಚಿಕೊಂಡು ಕೂತ.
ಮಾತು ಹೊರಡದಿದ್ದಾಗ ಅವನು ವಾಷರು ಬದಲಿಸುತ್ತಾನೆ.

ಅತ್ತೆ ಅಂದರು, ಗಟ್ಟಿಮುಟ್ಟಾದ ಮಗು ಒಂದೂ ಸಿಗಲಿಲ್ಲವೇ
ಇಡೀ ಲಿಥುವೇನಿಯಾದಲ್ಲಿ?
ಚರ್ಚಿನ ಹೆಂಗಸರು ಅಂದರು, ನೀನು ಸಂತಳಮ್ಮಾ,
ನಿನಗೆ ಸ್ವರ್ಗ ಖಂಡಿತ.
ಅತ್ತೆಯ ಮಾತೇ ವಾಸಿ. ಜಗಳವನ್ನಾದರೂ ಆಡಬಹುದು.
ನಡುರಾತ್ರಿ ಪಂಪು ಕೂಗಿದರೆ ಸಂತರಿಗೆ ಸಿಟ್ಟು ಬರುವುದಿಲ್ಲವೇನೋ;
ನನಗೆ ಬರೀ ಗಡಿಯಾರ ಕೂಗಿದರೂ ಬರುತ್ತದೆ.

ಮೊದಲ ಮಹಡಿ.
ಚೀಲ ಭಾರವಿಲ್ಲ. ಚೀಲ ಕೊಸರುವುದಿಲ್ಲ,
ಅದಕ್ಕೇ ಈ ಲೆಕ್ಕ ಸುಳ್ಳು.

ಕೌನಸ್ಸಿನ ಮಕ್ಕಳ ಮನೆಯಲ್ಲಿ ನರ್ಸು ಕಲಿಸಿದಳು:
ಕೈ ತೊಳೆ, ಒರೆಸು, ಮತ್ತೆ ತೊಳೆ,
ಸಿರಿಂಜು ಹೀಗೆ, ನಿಧಾನ, ಇನ್ನೂ ನಿಧಾನ.
ಕ್ರೇನಿನಲ್ಲಿ ನಡುಗದ ಕೈ ನಡುಗಿತು.
‘ಗುಳ್ಳೆ,’ ಅಂದ ಉಗ್ನಿಯುಸ್,
ನಳಿಕೆಯ ಮೇಲೆ ಉಗುರಿಟ್ಟು.
ಇತ್ತು. ಸಾಸಿವೆಯಷ್ಟು ಗಾಳಿ.
ನರ್ಸೂ ನೋಡಿರಲಿಲ್ಲ.

ಆಮೇಲೆ ನನ್ನ ಚೀಲಕ್ಕೆ ಕೈಹಾಕಿ
ಮಧ್ಯಾಹ್ನದ ಕಪ್ಪು ರೊಟ್ಟಿಯ ತುಂಡು ತೆಗೆದ.
ತಿನ್ನುವಂತಿಲ್ಲ, ಅವನಿಗೆ ಗೊತ್ತು.
ಮೂಗಿಗೆ ಹಿಡಿದು ಕಣ್ಣು ಮುಚ್ಚಿ
ಆ ಕಡೆ ಈ ಕಡೆ ಮೂಸಿ
ಕಾಗದದಲ್ಲಿ ಸುತ್ತಿ ವಾಪಸ್ಸು ಕೊಟ್ಟ.
‘ಆಯ್ತು,’ ಅಂದ, ಉಂಡು ಎದ್ದವನ ಹಾಗೆ.
ಉಗ್ನಿಸ್ ಅಂದರೆ ನಮ್ಮಲ್ಲಿ ಬೆಂಕಿ.
ಆ ಹೆಸರಿಟ್ಟವಳು ಚಳಿಗಾಲದಲ್ಲಿ ಹೆತ್ತಿರಬೇಕು.

ಎರಡನೇ ಮಹಡಿಯ ತಿರುವಿನಲ್ಲಿ ದೀಪ ಆರಿತು.
ಈ ಹಳೇ ಕಟ್ಟಡದ ದೀಪಗಳಿಗೆ ಒಂದೇ ನಿಮಿಷ ಆಯಸ್ಸು.
ಕತ್ತಲಲ್ಲಿ ನಿಂತು ಎಣಿಸಿದೆ:
ಹೋದ ಜನವರಿಯ ಬಿರುಗಾಳಿಗೆ ಆರು ತಾಸು ಕರೆಂಟಿರಲಿಲ್ಲ.
ಪಂಪಿನ ಬ್ಯಾಟರಿ ನಾಲ್ಕು ತಾಸು.
ಉಳಿದೆರಡು ಎಲ್ಲಿಂದ ತರಲಿ?

ರಾತ್ರಿ ಪಾಳಿ ಬಿಡಬೇಕು. ಸಂಬಳ ಅರ್ಧ.
ಅವನಿಗೆ ಹತ್ತು ತುಂಬದೇ ಹೋದರೆ—
ಈ ಸಾಲನ್ನು ದಿನವೂ ಇಲ್ಲಿಗೇ ನಿಲ್ಲಿಸುತ್ತೇನೆ.
ತುಂಬಿದರೆ, ಮೂವತ್ತೂ ತುಂಬಿದರೆ,
ಆಗ ನನಗೆ ಎಪ್ಪತ್ತು.

ಬೇಡ ಅಂದರೂ ಯಾರೂ ಬೈಯುವುದಿಲ್ಲ.
ಶುಕ್ರವಾರದೊಳಗೆ ಒಂದು ಫೋನು, ಅಷ್ಟೇ.
ಆ ಹುಡುಗನಿಗೆ ತಿಳಿಯುವುದೂ ಇಲ್ಲ.
ತಿಳಿಯುತ್ತದೆ.
ಗುಳ್ಳೆ ಕಂಡವನು ಅವನು.

ಮೂರನೇ ಮಹಡಿ. ಐವತ್ನಾಲ್ಕು ಮೆಟ್ಟಿಲು.
ಬಾಗಿಲು ತೆರೆದೇ ಇತ್ತು.
ವೀತೇನಿಸ್ ನೆಲದ ಮೇಲೆ, ಸುತ್ತ ತಂತಿ, ಹಳೇ ಕಾರಿನ ಬ್ಯಾಟರಿ.
‘ಪಂಪು ಎಷ್ಟು ವೋಲ್ಟಿನದು,’ ಅಂದ, ತಲೆ ಎತ್ತದೆ,
‘ನರ್ಸಿಗೆ ಕೇಳಿ ನೋಡು.’
ಬೇರೇನೂ ಅನ್ನಲಿಲ್ಲ.
ಇಷ್ಟು ಆಲೂಗಡ್ಡೆ ಯಾಕೆ ಅಂತ ಕೇಳಲಿಲ್ಲ.
ಆವತ್ತು ನಲ್ಲಿ ಯಾಕೆ ಬಿಚ್ಚಿದೆ ಅಂತ
ನಾನೂ ಕೇಳಿರಲಿಲ್ಲ.

ಇನ್ನೂ ಮಂಗಳವಾರ.
ಚೀಲ ಇಳಿಸದೆ ಸ್ವಲ್ಪ ಹೊತ್ತು ನಿಂತೆ.